ಸೋಮವಾರ ಶುರುವಾಗದ ಸರ್ವೀಸು

ನಾನು ಮಾಡುವ ಕೆಲಸ ಏನೆಂದು ನಮ್ಮ ಮನೆಯವರಿಗೆ ಇವತ್ತಿಗೂ ತಿಳಿಸಿ ಹೇಳಲು ಆಗಿಲ್ಲ. ಕಂಪ್ಯೂಟರ್ ರಿಪೇರಿ ಅಂದರೆ ನಮ್ಮತ್ತೆ ನನ್ನ ಚೀಲದಲ್ಲಿ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಅದನ್ನು ಮುಟ್ಟಿ ವರ್ಷಗಳೇ ಆದವು. ಬಳ್ಳಾರಿಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ಸುತ್ತಲಿನ ಊರುಗಳಲ್ಲಿ ಮನೆಯಲ್ಲೇ ಕೂತು ದೂರದ ಕಂಪನಿಗಳಿಗೆ ಕೆಲಸ ಮಾಡುವವರು ಈಗ ಬಹಳ ಜನ ಇದ್ದಾರೆ. ಅವರ ಕಂಪ್ಯೂಟರು ಮುನಿಸಿಕೊಂಡಾಗ ಕಂಪನಿಯವರು ನಮಗೆ ಹೇಳುತ್ತಾರೆ, ನಾವು ಅವರಿಗೆ ಫೋನ್ ಮಾಡುತ್ತೇವೆ. ಇಷ್ಟೇ ನನ್ನ ಉದ್ಯೋಗ.

ಮುನಿಸು ಹೆಚ್ಚಾಗಿ ವಿಪಿಎನ್‌ನದು. ಮನೆಯ ಕಂಪ್ಯೂಟರಿನಿಂದ ಕಂಪನಿಯ ಒಳಕ್ಕೆ ಅದೊಂದು ಮುಚ್ಚಿದ ದಾರಿ. ಅದರಲ್ಲಿ ಹೋಗಿಬರುವುದು ಹೊರಗಿನವರಿಗೆ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ‘ಕನೆಕ್ಟ್’ ಎಂಬ ಒಂದು ಗುಂಡಿ ಮಾತ್ರ. ಆದರೆ ಆ ಗುಂಡಿಯ ಹಿಂದೆ ಮುಖವಿಲ್ಲದ ಇನ್ನೊಂದು ಪ್ರೋಗ್ರಾಂ ಮೊದಲೇ ಎದ್ದು ಕೂತಿರಬೇಕು. ಅದಕ್ಕೆ ಸರ್ವೀಸು ಅನ್ನುತ್ತಾರೆ. ಮದುವೆಯಲ್ಲಿ ಬಡಿಸುವವರು ಕಾಣುತ್ತಾರೆ, ಹಿಂದೆ ಒಲೆಯ ಮುಂದೆ ಇರುವವರು ಕಾಣುವುದಿಲ್ಲ. ಒಲೆಯವರು ಏಳದಿದ್ದರೆ ಪಂಕ್ತಿಯಲ್ಲಿ ಕೂತವರು ಖಾಲಿ ಎಲೆ ನೋಡುತ್ತಾ ಕೂರಬೇಕು. ನನ್ನ ಆಯುಷ್ಯದ ಒಂದು ಭಾಗ ಹೀಗೆ ಏಳದವರನ್ನು ಎಬ್ಬಿಸುವುದರಲ್ಲಿ ಹೋಗಿದೆ.

ನನಗೆ ತಾಳ್ಮೆ ಕಡಿಮೆ. ಈ ಕೆಲಸಕ್ಕೆ ತಾಳ್ಮೆಯೇ ಬಂಡವಾಳ ಎಂದು ನಮ್ಮ ಆಫೀಸಿನ ಯಜಮಾನರು ಆಗಾಗ ಎಲ್ಲರಿಗೂ ಹೇಳುವಂತೆ ಹೇಳುತ್ತಾರೆ, ಆದರೆ ನೋಡುವುದು ನನ್ನ ಮುಖವನ್ನೇ. ಫೋನಿನಲ್ಲಿ ಯಾರಾದರೂ “ಏನೂ ಮುಟ್ಟಿಲ್ರಿ, ತಾನಾ ಹಿಂಗಾತು” ಅಂದ ಕೂಡಲೇ ನನಗೆ ಪಿತ್ತ ನೆತ್ತಿಗೇರುತ್ತದೆ. ಸಂಗನಕಲ್ಲಿನ ಒಬ್ಬ ಮೇಷ್ಟ್ರು ಹೀಗೇ ಅಂದಿದ್ದರು. ಹೋಗಿ ನೋಡಿದರೆ, ಯಾವುದೋ ದೇಶದ ಕ್ರಿಕೆಟ್ ಪುಕ್ಕಟೆ ನೋಡಲೆಂದು ಬೇರೆ ವಿಪಿಎನ್‌ಗಳನ್ನು ಹಾಕಿಸಿಕೊಂಡಿದ್ದರು, ಅವೆಲ್ಲ ಒಂದರ ಕಾಲು ಒಂದು ಎಳೆಯುತ್ತಾ ಕೂತಿದ್ದವು. “ಇದು ತಾನಾ ಬಂದು ಕುಂತಿತೇನ್ರಿ ಸಾರ್?” ಅಂದೆ. ಮೇಷ್ಟ್ರು ಚಹಾ ತರಿಸಿದರು. ನಾನು ಕುಡಿಯದೆ ಬಂದೆ.

ಕುರುಗೋಡಿನ ಹುಡುಗಿಯೂ ಮೊದಲ ಸಲ ಅದೇ ಮಾತು ಹೇಳಿದಳು. ಹುಡುಗಿ ಅನ್ನುವುದು ನನ್ನ ವಯಸ್ಸಿನ ಲೆಕ್ಕದಲ್ಲಿ. ಮದುವೆಯಾಗಿ ನಾಲ್ಕಾರು ವರ್ಷ ಕಳೆದ ಹೆಣ್ಣುಮಗಳು. ಬಿ.ಕಾಂ. ಮುಗಿಸಿದ ಬೆನ್ನಿಗೇ ಮದುವೆ ಆಗಿತ್ತು. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು, ವಾರದ ರಜೆಗೆ ಬಂದು ಮಲಗಿ ಹೋಗುವವನು. ಅತ್ತೆ ಇರಲಿಲ್ಲ. ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಮಾವ. ಆಸ್ಪತ್ರೆಗಳು ಕಳಿಸುವ ವಿಮೆಯ ಕಾಗದಪತ್ರಗಳನ್ನು ಪರಿಶೀಲಿಸುವ ಒಂದು ಕಂಪನಿಯಲ್ಲಿ ಅವಳಿಗೆ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಎಂಟಕ್ಕೆ ಕಂಪನಿಯ ಒಳಗೆ ಹೋಗಿ ಹಾಜರಿ ಹಾಕಬೇಕು. ಇನ್ನೂ ಕಾಯಂ ಆಗಿರಲಿಲ್ಲ, ಪರೀಕ್ಷೆಯ ಅವಧಿ ನಡೆದಿತ್ತು.

ಸೋಮವಾರ ಎಂಟು ಗಂಟೆಗೆ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ನಮ್ಮ ಆಫೀಸು ಬಾಗಿಲು ತೆರೆಯುವುದು ಒಂಬತ್ತೂವರೆಗೆ. ತಪ್ಪಿ ನನ್ನ ಸ್ವಂತ ನಂಬರು ಅವಳಿಗೆ ಕೊಟ್ಟಿದ್ದೆ.

“ಅಕ್ಕಾ, ವಿಪಿಎನ್ ಸುರುವಾಗವಲ್ಲದ್ರಿ. ಸರ್ವೀಸ್ ನಿಂತೈತಿ ಅಂತ ತೋರಸಾಕತ್ತೈತಿ.”

“ಬಂದ್ ಮಾಡಿ ಮತ್ತ ಹಚ್ಚು.”

“ಹಚ್ಚಿದ್ನಿರಿ. ಹಂಗಾ ಐತಿ.”

ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಆಫೀಸಿಗೆ ಹೋಗಿ ನೋಡುತ್ತೇನೆ ಅಂದೆ. ಹೋಗಿ, ನಮ್ಮ ಕಡೆಯಿಂದ ಅವಳ ಪರದೆಯನ್ನು ತೆರೆದು ನೋಡುವಷ್ಟರಲ್ಲಿ ಸರ್ವೀಸು ಎದ್ದು ಕೂತಿತ್ತು. ಅವಳು ಒಳಗೆ ಹೋಗಿ ಕೆಲಸವನ್ನೂ ಶುರು ಮಾಡಿದ್ದಳು.

“ಏನ್ ಮಾಡಿದಿ?”

“ಏನೂ ಮುಟ್ಟಿಲ್ರಿ ಅಕ್ಕಾ. ನಿಮಗ ಫೋನ್ ಹಚ್ಚಾಕಂತ ಮತ್ತ ಅಂಗಳಕ್ಕ ಹೋಗಿದ್ದೆ, ಮನಿಯಾಗ ಟವರ್ ಸಿಗಂಗಿಲ್ಲ ನೋಡ್ರಿ. ವಾಪಸ್ ಬಂದು ಇನ್ನೊಮ್ಮೆ ಹಚ್ಚಿದ್ರ ತಾನಾ ಬಂತು.”

ಮುಂದಿನ ಸೋಮವಾರವೂ ಹಾಗೇ. ಎಂಟಕ್ಕೆ ಸತ್ತಂತೆ ಬಿದ್ದಿರುತ್ತದೆ, ಒಂಬತ್ತು ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೆಲಸ ಮಾಡುತ್ತದೆ. ಮಂಗಳವಾರದಿಂದ ಶನಿವಾರದವರೆಗೆ ಒಂದು ದಿನವೂ ತಕರಾರಿಲ್ಲ. ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಪ್ರೋಗ್ರಾಂ ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ವೈರಸ್ ಕಾಯುವ ಪ್ರೋಗ್ರಾಂ ಇದನ್ನು ಕಳ್ಳನೆಂದು ತಿಳಿದು ಹಿಡಿದಿಟ್ಟಿದೆಯೇ ನೋಡಿದೆ, ಇಲ್ಲ. ಈ ಸರ್ವೀಸು ಏಳುವ ಮುಂಚೆ ಏಳಬೇಕಾದ ಬೇರೆ ಸರ್ವೀಸುಗಳು ಎದ್ದಿವೆಯೇ ನೋಡಿದೆ, ಎದ್ದಿವೆ. ವಾರಕ್ಕೊಮ್ಮೆ ಸೋಮವಾರ ಬೆಳಿಗ್ಗೆಯೇ ಓಡುವಂಥ ಯಾವುದಾದರೂ ಕೆಲಸ ಒಳಗೆ ಅಡಗಿದೆಯೇ ಎಂದು ಹುಡುಕಿದೆ. ಅದೂ ಇಲ್ಲ. ಕಂಪನಿಯವರನ್ನು ಕೇಳಿದರೆ, ಉಳಿದವರೆಲ್ಲ ಸೋಮವಾರ ಎಂಟಕ್ಕೆ ಸರಿಯಾಗಿ ಬರುತ್ತಾರೆ, ಇವಳೊಬ್ಬಳದೇ ಇದು, ಅಂದರು. ಆ ಮಾತಿನ ದನಿ ನನಗೆ ಸೇರಲಿಲ್ಲ.

ಈ ಪ್ರೋಗ್ರಾಂ ಬರೆದವರ ಮೇಲೂ ನನಗೆ ಸಿಟ್ಟಿದೆ. ಸರ್ವೀಸು ಶುರುವಾಗಲಿಲ್ಲ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಮುಖ ಊದಿಸಿಕೊಂಡು ಕೂತ ಬೀಗರ ಹಾಗೆ. ಏನಾಯಿತು ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ, ಊಟಕ್ಕೂ ಏಳುವುದಿಲ್ಲ.

ಒಂದು ಗುರುವಾರ ಕೊಳಗಲ್ಲಿನಲ್ಲಿ ಬೇರೆ ಕೆಲಸವಿತ್ತು. ಅದನ್ನು ಮುಗಿಸಿ ಅದೇ ದಾರಿಯಲ್ಲಿ ಕುರುಗೋಡಿಗೂ ಹೋದೆ. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆ. ಒಳಗೆ ಕಾಲಿಟ್ಟರೆ ಫೋನು ನಿಜವಾಗಿಯೂ ಮೂಕವಾಗುತ್ತಿತ್ತು, ಇಂಟರ್ನೆಟ್ಟು ಮಾತ್ರ ತಂತಿಯಲ್ಲಿ ಬರುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರು, ಅದರ ಪಕ್ಕ ಊದಿನಕಡ್ಡಿಯ ಬೂದಿ. ಕಂಪ್ಯೂಟರಿನ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ. ಮಾವ ಎದ್ದು ಬಂದು ಕೈಮುಗಿದರು. ಎತ್ತರದ ಮನುಷ್ಯ, ಬಿಳಿ ಅಂಗಿ, ಅವರ ಹಣೆಯ ಮೇಲೂ ಅದೇ ಮೂರು ಗೆರೆ.

“ಬರ್ರಿ ಮೇಡಮ್ಮಾರ, ಕೂಡ್ರಿ. ಇದೊಂದ್ ದಾರಿಗೆ ಹಚ್ಚಿಕೊಡ್ರಿ. ನಮ್ಮ ಹುಡುಗಿ ಕೆಲಸ ಉಳೀಬೇಕು.”

ಅವತ್ತು ಎಲ್ಲ ಸರಿಯಾಗಿತ್ತು. ಸರ್ವೀಸನ್ನು ನಾನೇ ನಿಲ್ಲಿಸಿದೆ, ಎಬ್ಬಿಸಿದೆ. ಕಂಪ್ಯೂಟರು ಆರಿಸಿ ಹಚ್ಚಿದೆ. ಹೇಳಿದಷ್ಟು ಸಲವೂ ಎದ್ದಿತು. ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಮಾಯವಾಗುವ ಹಲ್ಲುನೋವು ನೆನಪಾಯಿತು. ಅವಳು ನನ್ನ ಹಿಂದೆ ಕೈಕಟ್ಟಿ ನಿಂತಿದ್ದಳು. ಮಾವ ನೀರು ತರಲು ಒಳಗೆ ಹೋದಾಗ ಮೆಲ್ಲಗೆ ಹೇಳಿದಳು.

“ಅಕ್ಕಾ, ನಮ್ಮ ಟೀಮ್ ಲೀಡರ್ ಕಡೀ ಮಾತು ಹೇಳ್ಯಾರ್ರಿ. ಇನ್ನೊಂದು ಸೋಮವಾರ ತಪ್ಪಿದ್ರ ಕೆಲಸ ಇಲ್ಲಂತ.”

“ನಿನ್ನ ಗಂಡ ಏನಂತಾನ?”

“ಬಿಡು, ನಿನಗ್ಯಾಕ ಬೇಕಾಗಿತ್ತು ಅಂತಾರ. ಮೊದಲಿಂದನೂ ಅವರು ಬ್ಯಾಡ ಅಂದವರಾ. ಮಾವಾರೊಬ್ಬರಾ ನನ್ನ ಕಡಿ ನಿಂತು ಹೂಂ ಅನಿಸಿದ್ದು. ಈ ಊರಾಗ ಕುಂತು ಇಂಥಾ ಕೆಲಸ ಮತ್ತ ಸಿಗತೈತೇನ್ರಿ? ನನ್ನದಂತ ಒಂದು ಇರ್ಲಿ ಅಂತ ಆಸೆ ಅಷ್ಟಾರಿ.”

ಅಳಲಿಲ್ಲ, ಬೇಡಲಿಲ್ಲ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳುವಂತೆ ಹೇಳಿದಳು. ನನಗೆ ಅದೇ ಚುಚ್ಚಿತು. ಗಿರಾಕಿಗಳ ಕಷ್ಟವನ್ನು ಮೈಗೆ ಹಚ್ಚಿಕೊಳ್ಳುವುದು ನನ್ನ ಸ್ವಭಾವವಲ್ಲ. ಆದರೂ ಸೋಮವಾರ ಬೆಳಿಗ್ಗೆ ನಾನೇ ಬಂದು ಇಲ್ಲಿ ಕೂರುತ್ತೇನೆ ಎಂದು ಬಾಯಿಂದ ಬಂದುಹೋಯಿತು.

ಸೋಮವಾರ ಮೊದಲ ಬಸ್ಸು ಹಿಡಿದೆ. ನಮ್ಮತ್ತೆ, ಸ್ಕ್ರೂಡ್ರೈವರೂ ಇಲ್ಲದೆ ಈ ಹೊತ್ತಿನಲ್ಲಿ ಎಲ್ಲಿಗೆ ಎಂದು ನೋಡುತ್ತಿದ್ದರು. ಕುರುಗೋಡಿನಲ್ಲಿ ಇಳಿದು ಅವರ ಮನೆ ಮುಟ್ಟಿದಾಗ ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಒಳಗೆ ಒಗ್ಗರಣೆ ಹಾಕುತ್ತಿದ್ದಳು, ಮೆಣಸಿನಕಾಯಿಯ ಘಾಟು ಪಡಸಾಲೆಗೆಲ್ಲ ಬಂದಿತ್ತು. ಸೊಸೆಗೆ ಕೆಲಸದ ದಿನ ಕಂಪ್ಯೂಟರು ಹಚ್ಚಿ ಅಣಿಮಾಡಿ ಕೊಡುವುದು ಮಾವನ ಪದ್ಧತಿಯಂತೆ. ಅವರು ಆಗಲೇ ಊದಿನಕಡ್ಡಿ ಬೆಳಗಿ, ಕಂಪ್ಯೂಟರಿನ ಮುಂದೆ ಕೂತಿದ್ದರು. ಮೌಸು ಹಿಡಿದದ್ದು ರೂಢಿಯ ಕೈ. ನಾನು ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಾ ನೋಡಿದೆ. ಪರದೆಯ ಬಲಮೂಲೆಯ ಗಡಿಯಾರದ ಮೇಲೆ ಒತ್ತಿದರು, ಒಂದು ಕಿಟಕಿ ತೆರೆಯಿತು, ಅಂಕಿ ಬದಲಿಸಿದರು, ಕಿಟಕಿ ಮುಚ್ಚಿದರು.

ನನ್ನ ಕೈಗಡಿಯಾರದಲ್ಲಿ ಏಳೂವರೆ ಯಾವಾಗಲೋ ಕಳೆದಿತ್ತು. ಪರದೆಯಲ್ಲಿ ಇನ್ನೂ ಏಳೂ ಆಗಿರಲಿಲ್ಲ.

“ಯಜಮಾನ್ರ, ಏನ್ ಮಾಡಿದ್ರಿ ಈಗ?”

ಅವರು ಬೆಚ್ಚಲಿಲ್ಲ, ಮುಚ್ಚಿಡಲಿಲ್ಲ. ಮಗುವಿಗೆ ಟೋಪಿ ಹಾಕಿದ್ದನ್ನು ಹೇಳುವಂತೆ ಹೇಳಿದರು.

“ಟೈಮ್ ಹಿಂದಕ್ಕ ಇಟ್ಟೀನ್ರಿ. ಸೋಮವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ವಾರದ ಮೊದಲ ಕೆಲಸ ರಾಹುಕಾಲದಾಗ ಸುರು ಮಾಡಬಾರದಲ್ಲ. ಒಂಬತ್ತಾದ ಮ್ಯಾಲ ಮತ್ತ ಸರಿ ಮಾಡಿ ಇಡತೀನಿ.”

ಈ ಮಾತು ಕೇಳಿ ನಗಬೇಕೋ ಚೀರಬೇಕೋ ತಿಳಿಯದೆ ನಿಂತೆ. ಅವರಿಗೆ ಇದು ಹೊಸ ವಿದ್ಯೆಯಲ್ಲ. ಸಿರುಗುಪ್ಪದಲ್ಲಿ ಒಂದು ಭತ್ತದ ವ್ಯಾಪಾರದ ಅಂಗಡಿಯಲ್ಲಿ ಅವರು ಬಹಳ ವರ್ಷ ಗುಮಾಸ್ತರಾಗಿದ್ದವರು. ದೇಶನೂರಿನ ಕಡೆಯಿಂದ ಭತ್ತ ತುಂಬಿದ ಲಾರಿ ಬಂದು ನಿಂತಿರುತ್ತದೆ, ಡ್ರೈವರಿಗೆ ಅವಸರ, ಆದರೆ ರಾಹುಕಾಲದಲ್ಲಿ ದಿನದ ಮೊದಲ ಬಿಲ್ಲು ಹೊಡೆಯಲು ಸಾಹುಕಾರರು ಒಪ್ಪುವುದಿಲ್ಲ. ಬಿಲ್ಲಿನ ಮೇಲೆ ಗಂಟೆಯೂ ಅಚ್ಚಾಗುತ್ತದಲ್ಲ. ಆಗ ಗುಮಾಸ್ತ ಕಂಪ್ಯೂಟರಿನ ಗಡಿಯಾರವನ್ನು ಒಳ್ಳೆಯ ಹೊತ್ತಿಗೆ ತಿರುಗಿಸಿ, ಬಿಲ್ಲು ಹೊಡೆದು, ಮತ್ತೆ ಸರಿ ಮಾಡಿ ಇಡುತ್ತಾನೆ. ಲಾರಿಯೂ ಹೋಯಿತು, ರಾಹುವೂ ತಪ್ಪಿತು. ಇದಾದ ಎಷ್ಟೋ ದಿನಗಳ ಮೇಲೆ ಸಿರುಗುಪ್ಪಕ್ಕೆ ಹೋದಾಗ ಇದನ್ನು ನಾನೂ ಕಣ್ಣಾರೆ ನೋಡಿದೆ. ಅಲ್ಲಿನ ಗುಮಾಸ್ತ ನನ್ನೊಡನೆ ಮಾತಾಡುತ್ತಲೇ, ಹಣೆಯ ಬೆವರು ಒರೆಸಿಕೊಂಡಷ್ಟು ಸಲೀಸಾಗಿ ಹೊತ್ತು ತಿರುಗಿಸಿದ. ಅವನ ಮಟ್ಟಿಗೆ ಅದು ಗಡಿಯಾರವೇ ಅಲ್ಲ, ಬಿಲ್ಲಿನ ಒಂದು ಭಾಗ.

ಮಾವ ಯಾಕೆ ಹೀಗೆ ಶುರು ಮಾಡಿದರು ಎಂದೂ ತಿಳಿಯಿತು. ಸೊಸೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ಸೋಮವಾರ ಎಂಟಕ್ಕೆ ಅವಳು ಕೂತ ಸ್ವಲ್ಪ ಹೊತ್ತಿಗೆ ಓಣಿಯ ಕರೆಂಟ್ ಹೋಗಿ ಅರ್ಧ ದಿನ ಬರಲಿಲ್ಲ. ಕಂಪನಿಯವರು ಅವಳನ್ನು ಗದರಿಸಿದರು. ಮಾವ ಗೋಡೆಯ ಕ್ಯಾಲೆಂಡರು ನೋಡಿದರು, ರಾಹುಕಾಲ ಕಂಡಿತು, ಮುಂದಿನ ಸೋಮವಾರದಿಂದ ಗಡಿಯಾರ ಹಿಂದಕ್ಕೆ ಹೋಯಿತು. ಅಂದಿನಿಂದಲೇ ಸರ್ವೀಸು ನಿಲ್ಲತೊಡಗಿದ್ದು. ಅದನ್ನು ಕಂಡು ಅವರಿಗೆ ರಾಹುವಿನ ಮೇಲೆ ಇನ್ನಷ್ಟು ಭಯ ಹತ್ತಿತು. ಬಹುಶಃ ಹಿಂದಕ್ಕಿಟ್ಟದ್ದು ಸಾಲದು ಎಂದು ಇನ್ನೂ ಸ್ವಲ್ಪ ಹಿಂದಕ್ಕಿಟ್ಟರು. ಒಂಬತ್ತಾಗುತ್ತಲೇ, ಅವಳು ಫೋನ್ ಹಿಡಿದು ಅಂಗಳದಲ್ಲಿದ್ದಾಗ, ಸರಿ ಮಾಡಿಬಿಡುತ್ತಿದ್ದರು. ಅವಳು ಹೊತ್ತು ನೋಡುವುದು ಫೋನಿನಲ್ಲಿ. ಪರದೆಯ ಮೂಲೆಯ ಆ ಸಣ್ಣ ಅಂಕಿಗಳನ್ನು ಯಾರು ನೋಡುತ್ತಾರೆ? ಅವಳಿಗೆ ಹೇಳಿದರೆ ಹೆದರಿಕೊಳ್ಳುತ್ತಾಳೆ ಎಂದು ಅವರು ಹೇಳಿರಲಿಲ್ಲ.

ಅವಳು ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಮ್ಮಿಬ್ಬರ ಮುಖ ನೋಡಿದಳು. ನಾನು ಇಬ್ಬರಿಗೂ ಕೇಳುವಂತೆ ಹೇಳಿದೆ. ಮೃದುವಾಗಿ ಹೇಳಬಹುದಿತ್ತು, ನನ್ನ ಬಾಯಿ ಅಂಥದ್ದಲ್ಲ.

“ಈ ಸರ್ವೀಸ್ ಎದ್ದ ಕೂಡಲೇ ಕಂಪನಿಯ ಗಡಿಯಾರ, ಈ ಗಡಿಯಾರ ಎರಡನ್ನೂ ಹೋಲಿಸಿ ನೋಡತೈತಿ ಯಜಮಾನ್ರ. ಭಾಳ ಫರಕ್ ಇತ್ತಂದ್ರ ಯಾರೋ ಕಳ್ಳರು ಬಂದಾರ ಅಂತ ತಿಳಕೊಂಡು ತಾನಾ ನಿಂತುಬಿಡತೈತಿ. ಪ್ರತಿ ಸೋಮವಾರ ಅದನ್ನ ನಿಲ್ಲಿಸಾಕತ್ತಿದ್ದು ರಾಹು ಅಲ್ಲ, ನೀವು.”

ಅವರು ಪರದೆಯ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು.

“ಒಂಬತ್ತರ ತನಕ ತಡದ್ರ ಆಗಂಗಿಲ್ಲೇನ್ರಿ?” ಎಂದು ನನ್ನನ್ನು ಕೇಳಿದರು. ಸಣ್ಣ ದನಿ.

“ಎಂಟಕ್ಕ ಹಾಜರಿ ಐತಲ್ರಿ. ಇವತ್ತು ತಪ್ಪಿದ್ರ ಕೆಲಸ ಇಲ್ಲ.”

ಲಿಂಗ ಕಟ್ಟಿಕೊಂಡವರಿಗೆ, ಅದೂ ಶಿವನ ವಾರದ ದಿನ, ರಾಹುವಿನ ಗೊಡವೆ ಯಾಕೆ ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಭತ್ತದ ಮಂಡಿಯಲ್ಲಿ ಕಲಿತ ಅಂಜಿಕೆ ಮಠದಲ್ಲಿ ಕಲಿತದ್ದಕ್ಕಿಂತ ಗಟ್ಟಿ. ಆ ಮನುಷ್ಯನ ಮುಖ ನೋಡಿದರೆ, ನಾನು ಅವರ ಸೊಸೆಯನ್ನು ಕಣ್ಣುಕಟ್ಟಿ ರಸ್ತೆ ದಾಟಿಸಿ ಎಂದು ಹೇಳಿದಂತಿತ್ತು. ಅವಳು ಹೋಗಿ ಅವರ ಕುರ್ಚಿಯ ಪಕ್ಕ ನಿಂತಳು. ಹಾಗೇ ನಿಂತದ್ದೇ ಸಾಕಾಯಿತು. ಅವರು ಮೌಸು ಹಿಡಿದು ತಾವೇ ಗಡಿಯಾರ ಸರಿ ಮಾಡಿದರು. ನಂತರ ಎದ್ದು ಕುರ್ಚಿ ಬಿಟ್ಟುಕೊಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು.

ಸರ್ವೀಸು ಒಂದೇ ಸಲಕ್ಕೆ ಎದ್ದಿತು. ಎಂಟಕ್ಕೆ ಸರಿಯಾಗಿ ಅವಳು ಒಳಗೆ ಇದ್ದಳು. ಹಾಜರಿ ಬಿತ್ತು, ಅವತ್ತಿನ ಮೊದಲ ಕಾಗದ ತೆರೆಯಿತು. ಅವಳು ನನ್ನ ಕಡೆ ತಿರುಗಿ ನಕ್ಕಳು. ಅಷ್ಟು ದಿನ ಫೋನಿನಲ್ಲಿ ಕೇಳಿದ್ದ ಸೋತ ದನಿಯ ಹಿಂದೆ ಇಂಥ ನಗು ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗಡಿಯಾರ ತಾನಾಗಿ ಸರಿಯಾದ ಹೊತ್ತು ಹಿಡಿಯುವಂತೆ ಮಾಡಿ, ಇನ್ನು ಯಾರು ಬಂದರೂ ಅದನ್ನು ತಿರುಗಿಸಲಾಗದಂತೆ ಬೀಗ ಹಾಕುವುದು ಹೇಗೆ ಎಂದು ಅವಳಿಗೆ ಹೇಳಿಕೊಟ್ಟೆ. ಅವಳು ಮಂಡಕ್ಕಿಯ ಸುಸಲ ತಂದಿಟ್ಟಳು. ನಾನು ತಟ್ಟೆ ಹಿಡಿದು ಕಟ್ಟೆಯ ಹತ್ತಿರ ಹೋದೆ. ಮಾವ ಕೈಯೊಳಗೆ ಕೈ ಇಟ್ಟುಕೊಂಡು ರಸ್ತೆ ನೋಡುತ್ತಿದ್ದರು.

“ಬಂತ್ರಿ ಯಜಮಾನ್ರ. ಕೆಲಸ ಸುರುವಾತು.”

“ಒಂಬತ್ತಾಗಲಿ” ಅಂದರು.

ಒಂಬತ್ತಾಗುವ ಮುಂಚೆಯೇ ಅವಳು ಒಳಗಿನಿಂದ ಕೂಗಿದಳು. ನನ್ನನ್ನು ಕೂಗಿದ್ದು. ಪರದೆಯ ಮೇಲೆ ಕಂಪನಿಯ ಕಿಟಕಿ ಮುಚ್ಚಿಹೋಗಿತ್ತು, ಮತ್ತೆ ತೆರೆದರೆ ನಿಮಗೆ ಪ್ರವೇಶವಿಲ್ಲ ಅನ್ನುತ್ತಿತ್ತು. ನಾನು ಕೂತು ನೋಡಿದೆ. ಸರ್ವೀಸು ನಡೆಯುತ್ತಿತ್ತು, ವಿಪಿಎನ್ ಸರಿಯಿತ್ತು, ಗಡಿಯಾರ ಸರಿಯಿತ್ತು. ಇದು ನಮ್ಮ ಕಡೆಯ ತೊಂದರೆಯಲ್ಲ ಎಂದು ನನಗೆ ತಿಳಿದುಹೋಯಿತು. “ಹೊರಗ ಹೋಗಿ ನಿಮ್ಮ ಟೀಮ್ ಲೀಡರಿಗೆ ಫೋನ್ ಹಚ್ಚು” ಅಂದೆ.

ಅಂಗಳದಲ್ಲಿ ನಿಂತು ಮಾತಾಡಿದಳು. ನಾವಿಬ್ಬರೂ ಕಟ್ಟೆಯ ಹತ್ತಿರ ನಿಂತು ಅವಳ ಕಡೆಯ ಮಾತು ಮಾತ್ರ ಕೇಳಿದೆವು. ಹೂಂ ಸರ್, ಇವತ್ತು ಎಂಟಕ್ಕ ಬಂದೀನಿ ಸರ್, ಹೂಂ ಸರ್, ಗೊತ್ತಾತು ಸರ್. ಫೋನು ಇಳಿಸಿ ಬಂದಳು. ನಿರ್ಧಾರ ಕಳೆದ ವಾರವೇ ಆಗಿಹೋಗಿತ್ತಂತೆ. ಇನ್ನೊಂದು ಸೋಮವಾರ ನೋಡೋಣ ಎಂದು ಟೀಮ್ ಲೀಡರ್ ಹೇಳಿದ್ದು ಹೌದಂತೆ, ಆದರೆ ಮೇಲಿನವರು ಅಷ್ಟು ತಡೆಯಲಿಲ್ಲವಂತೆ. ಸೋಮವಾರದ ಹಾಜರಿ ಅಷ್ಟು ಸಲ ತಪ್ಪಿದವರನ್ನು ಇಟ್ಟುಕೊಳ್ಳುವುದು ಅವರ ನಿಯಮದಲ್ಲಿ ಇಲ್ಲವಂತೆ. ಅದು ಜಾರಿಗೆ ಬಂದದ್ದು ಇವತ್ತು ಬೆಳಿಗ್ಗೆ.

ನನ್ನ ಮೈ ಉರಿಯಿತು. ಫೋನ್ ಕೊಡು, ನಾನು ಮಾತಾಡುತ್ತೇನೆ, ತಪ್ಪು ಹುಡುಕಿ ಸರಿ ಮಾಡಿದ್ದೇವೆ ಎಂದು ಹೇಳುತ್ತೇನೆ ಅಂದೆ. ಮಾತಾಡಿದೆ ಕೂಡ. ಆ ಕಡೆಯ ಮನುಷ್ಯ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ತನ್ನ ಕೈಯಲ್ಲಿ ಏನೂ ಇಲ್ಲ ಅಂದ. ಇಂಥವರೊಡನೆ ಜಗಳವಾಡಲಿಕ್ಕೂ ಬರುವುದಿಲ್ಲ.

ನಾನು ಫೋನು ಇಟ್ಟು ತಿರುಗಿದಾಗ ಮಾವ ಎದ್ದು ನಿಂತಿದ್ದರು. ಅವರ ಮುಖ ಬೂದಿಯಾಗಿತ್ತು. ‘ರಾಹುಕಾಲದಲ್ಲಿ ಶುರು ಮಾಡಬೇಡಿ ಎಂದು ಹೇಳಿರಲಿಲ್ಲವೇ’ ಎನ್ನುತ್ತಾರೆ ಎಂದುಕೊಂಡೆ. ಅವರು ಅದನ್ನು ಹೇಳಲಿಲ್ಲ. ನಾನು ಬೆಳಿಗ್ಗೆ ಹೇಳಿದ್ದನ್ನು ಅವರು ಸರಿಯಾಗಿಯೇ ತಿಳಿದುಕೊಂಡಿದ್ದರು.

“ಅಂದ್ರ, ನಾನಾ ಕಳದೆ ಅಲ್ಲವಾ? ಯವ್ವಾ, ನಿನ್ನ ಕೆಲಸ ನಾನಾ ಕಳದೆ.”

ಅದು ನಿಜ. ಅವಳಿಗಾಗಿ ಮಗನ ಎದುರು ನಿಂತ ಒಬ್ಬನೇ ಮನುಷ್ಯ ಅವರು, ಅವಳ ಕೆಲಸವನ್ನು ವಾರವಾರ ಕೊಂದವರೂ ಅವರೇ. ಅವಳು ಸಿಟ್ಟಾಗಬೇಕಿತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಓಣಿಯೇ ಕೇಳುವಂತೆ ಅನ್ನುತ್ತಿದ್ದೆ.

ಅವಳು ಅವರ ಹತ್ತಿರ ಹೋಗಿ ಕೈ ಹಿಡಿದಳು. ಕೂಡ್ರಿ ಎಂದು ಕೂರಿಸಿದಳು.

“ಇಲ್ಲ ಮಾವಾರ. ನೀವು ಹೇಳಿದ್ದಾ ಖರೆ. ಒಂಬತ್ತರ ತನಕ ತಡೀಬೇಕಿತ್ತು. ರಾಹುಕಾಲದಾಗ ನಾನಾ ಅವಸರ ಮಾಡಿ ಸುರು ಮಾಡಿದೆ. ಅದಕ್ಕಾ ಹೋತು.”

ಅವರು ಅವಳ ಮುಖವನ್ನೇ ನೋಡಿದರು. ನಂಬಲಿಕ್ಕೆ ಅವರಿಗೆ ಎಷ್ಟು ಆಸೆಯಿತ್ತು ಎಂದು ನನಗೆ ಕಾಣಿಸಿತು. ಆದರೆ ಅವರು ಲೆಕ್ಕ ಬಲ್ಲವರು, ಅಷ್ಟು ಸುಲಭವಾಗಿ ಒಪ್ಪುವವರಲ್ಲ. ನನ್ನ ಕಡೆ ತಿರುಗಿದರು.

“ಹೌದೇನ್ರಿ ಮೇಡಮ್ಮಾರ?”

ಅವಳೂ ನನ್ನನ್ನು ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ನನಗೆ ಅವಳ ಮೇಲೆ ಎಂಥ ಪ್ರೀತಿ ಬಂದಿತ್ತೆಂದರೆ, ಅವಳು ಸೂರ್ಯ ಪೂರ್ವದಲ್ಲಿ ಮುಳುಗುತ್ತಾನೆ ಎಂದು ಹೇಳಿ ಅಂದಿದ್ದರೂ ಹೇಳುತ್ತಿದ್ದೆ.

“ಹೌದ್ರಿ ಯಜಮಾನ್ರ” ಅಂದೆ. “ಟೈಮ್ ಚಲೋ ಇರ್ಲಿಲ್ಲ.”

ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಮುಂದಿನ ಕೆಲಸ ಸಿಕ್ಕರೆ ಬುಧವಾರ ಬೆಳಿಗ್ಗೆ ಶುರು ಮಾಡೋಣ, ಬುಧವಾರ ಬೆಳಿಗ್ಗೆ ರಾಹುವಿನ ತಂಟೆ ಇಲ್ಲ ಅಂದರು. ಅವಳು “ಹೂಂ ಮಾವಾರ” ಅಂದಳು. ನಂತರ ಅಡುಗೆಮನೆಗೆ ಹೋಗಿ, ಅವರಿಗೆ ಕೇಳದ ಹಾಗೆ ನಲ್ಲಿ ಬಿಟ್ಟುಕೊಂಡು, ಅತ್ತಳು.